ಸಫಾರಿ ಗೈಡ್ ಕೆಲಸಕ್ಕೆ ಕಾಡಿನ ಇಂಗ್ಲಿಷ್ ಕಲಿಯುವುದು ಹೇಗೆ?

ಹಿನ್ನೀರ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಎಚ್.ಡಿ. ಕೋಟೆ ಕಡೆಯವನು. ಕಬಿನಿ ಹಿನ್ನೀರಿನ ಪಕ್ಕದ ಒಂದು ಲಾಡ್ಜ್‌ನಲ್ಲಿ ನ್ಯಾಚುರಲಿಸ್ಟ್ ಟ್ರೈನಿ ಅಂತ ಸೇರಿಕೊಂಡಿದ್ದೇನೆ. ಓದಿದ್ದೆಲ್ಲ ಕನ್ನಡ ಮೀಡಿಯಂ. ಕಾಡು ಚೆನ್ನಾಗಿ ಗೊತ್ತು. ಕಡವೆ ಕೂಗಿದರೆ ಹುಲಿ ಯಾವ ಕಡೆ ಹೊರಟಿದೆ ಅಂತ ಅಂದಾಜು ಮಾಡಬಲ್ಲೆ. ಆದರೆ ಗೆಸ್ಟ್‌ಗಳ ಮುಂದೆ ಇಂಗ್ಲಿಷ್ ಬಾಯಿಗೇ ಬರುವುದಿಲ್ಲ.

ಮ್ಯಾನೇಜರ್ ಒಂದು ಪಟ್ಟಿ ಕೊಟ್ಟಿದ್ದಾರೆ. ಬಯೋಡೈವರ್ಸಿಟಿ, ಇಕೋಸಿಸ್ಟಮ್, ಸಸ್ಟೈನಬಲ್, ಡಿಫಾರೆಸ್ಟೇಶನ್, ಓಝೋನ್ ಲೇಯರ್, ಹೀಗೆ ಪುಟಗಟ್ಟಲೆ. ಎದುರಿಗೆ ಕನ್ನಡ ಅರ್ಥ. ಎಲ್ಲ ಬಾಯಿಪಾಠ ಆಗಿದೆ. ಮೊನ್ನೆ ಮತ್ತಿ ಮರದ ಕವಲಿನಲ್ಲಿ ಚಿರತೆ ಮಲಗಿತ್ತು. ಎಲ್ಲರಿಗಿಂತ ಮೊದಲು ಕಂಡಿದ್ದು ನನಗೆ. "ಲೆಪರ್ಡ್, ದೇರ್, ದೇರ್" ಅಂದೆ. "ವೇರ್?" ಅಂದರು. ಎದುರಿಗೆ ನೂರಾರು ಮರ. ಕೈ ತೋರಿಸಿದರೆ ಒಬ್ಬೊಬ್ಬರು ಒಂದೊಂದು ಮರ ನೋಡುತ್ತಾರೆ. ಅಷ್ಟರಲ್ಲಿ ಅದು ಇಳಿದು ಲಂಟಾನ ಪೊದೆಯೊಳಗೆ ನುಗ್ಗಿತು. ಆ ಪಟ್ಟಿಯ ಒಂದು ಪದವೂ ಉಪಯೋಗಕ್ಕೆ ಬರಲಿಲ್ಲ.

ಪರಿಸರದ ಇಂಗ್ಲಿಷ್ ಪದಗಳನ್ನು ಕಲಿಯಲು ಒಳ್ಳೆಯ ದಾರಿ ಯಾವುದು? ಪುಸ್ತಕ, ಆ್ಯಪ್, ಕೋರ್ಸ್ ಏನಿದ್ದರೂ ಹೇಳಿ.

ಬಯಲುಸೀಮೆ ಬಸ್ಯಾ:
ಓಝೋನ್ ಲೇಯರ್ ತೋರಿಸಲು ಜೀಪ್ ಯಾವ ಝೋನ್‌ಗೆ ಹೋಗುತ್ತದೆ ಸಾರ್?

ಹಳೇ ಜೀಪು:
ತಮ್ಮ, ಆ ಪಟ್ಟಿ ಮಡಚಿ ಒಳಗಿಡು. ನಾನು ಇದೇ ಕೆಲಸದಲ್ಲಿ ತಲೆ ನರೆಸಿಕೊಂಡವನು. ಗೈಡ್‌ಗೆ ಮೊದಲು ಬೇಕಾದದ್ದು "ಏನು" ಎಂಬ ಪದಗಳಲ್ಲ, "ಎಲ್ಲಿ" ಎಂಬ ಪದಗಳು.

ಜೀಪಿನ ಮೂತಿ ಯಾವ ಕಡೆ ಇದೆಯೋ ಅದು ಟ್ವೆಲ್ವ್ ಓ ಕ್ಲಾಕ್. ಬಲಕ್ಕೆ ತ್ರೀ, ಹಿಂದೆ ಸಿಕ್ಸ್, ಎಡಕ್ಕೆ ನೈನ್. ಗೇಟ್ ದಾಟುವ ಮುಂಚೆಯೇ ಗೆಸ್ಟ್‌ಗಳಿಗೆ ಇದನ್ನು ಹೇಳಿಬಿಡು. ಆಮೇಲೆ ಗುರುತುಗಳು. ಕವಲಿಗೆ ಫೋರ್ಕ್. ಬೊಡ್ಡೆಗೆ ಟ್ರಂಕ್. ಕಡಿದುಳಿದ ಮೋಟಿಗೆ ಸ್ಟಂಪ್. ಬಿದ್ದ ದಿಮ್ಮಿಗೆ ಫಾಲನ್ ಲಾಗ್. ಹುತ್ತಕ್ಕೆ ಟರ್ಮೈಟ್ ಮೌಂಡ್. ಬಿದಿರು ಮೆಳೆಗೆ ಬ್ಯಾಂಬೂ ಕ್ಲಂಪ್. ದಟ್ಟ ಪೊದೆಗೆ ಥಿಕೆಟ್. ನೀರಿನ ದಡಕ್ಕೆ ಬ್ಯಾಂಕ್. ಇದರ ಜೊತೆ ಬಿಹೈಂಡ್, ಅಬವ್, ಬಿಲೋ, ಲೆಫ್ಟ್ ಆಫ್. ಹೆಚ್ಚೆಂದರೆ ಒಂದು ಹಾಳೆ ತುಂಬುತ್ತದೆ.

"ಟೂ ಓ ಕ್ಲಾಕ್, ಬಿಗ್ ಟ್ರೀ ವಿತ್ ಕ್ರ್ಯಾಕ್ಡ್ ಬಾರ್ಕ್, ಫಸ್ಟ್ ಫೋರ್ಕ್, ಟೇಲ್ ಹ್ಯಾಂಗಿಂಗ್ ಡೌನ್." ಇಷ್ಟು ಹೇಳಿದ್ದರೆ ಆ ಚಿರತೆ ಆರೂ ಜನರಿಗೆ ಕಾಣುತ್ತಿತ್ತು. ವ್ಯಾಕರಣ ಗೀಕರಣ ಯಾರೂ ಕೇಳುವುದಿಲ್ಲ. ಮತ್ತಿ ಮರದ ತೊಗಟೆ ಮೊಸಳೆ ಚರ್ಮದ ಹಾಗೆ ಚೌಕ ಚೌಕ ಬಿರುಕು ಬಿಟ್ಟಿರುತ್ತದಲ್ಲ, ಅದಕ್ಕೆ ಕ್ರಾಕಡೈಲ್ ಬಾರ್ಕ್ ಟ್ರೀ ಅಂತಲೇ ಇಂಗ್ಲಿಷ್ ಹೆಸರಿದೆ. ಒಂದು ಸಲ ತೋರಿಸಿದರೆ ಗೆಸ್ಟ್ ಮರೆಯುವುದಿಲ್ಲ. ಮುಂದಿನ ಸಲ ನಿನಗಿಂತ ಮೊದಲು ಅವರೇ ಆ ಮರ ಹುಡುಕುತ್ತಾರೆ.

ಸಾಗರದ ಟೀಚರ್:
ಹಳೇ ಜೀಪು ಅವರು ಹೇಳಿದ್ದು ಸರಿ, ಆದರೆ ಅರ್ಧ. ಪ್ರಾಣಿ ಕಂಡ ಮೇಲೆ ಗೆಸ್ಟ್ ಸುಮ್ನೆ ಕೂರುತ್ತಾರಾ? ವೈ, ಹೌ ಅಂತ ಶುರು ಮಾಡುತ್ತಾರೆ. "ಬೇಸಿಗೆಯಲ್ಲೇ ಇಲ್ಲಿ ಇಷ್ಟೊಂದು ಆನೆ ಯಾಕೆ?" ಅಂತ ಕೇಳಿದರೆ ಟರ್ಮೈಟ್ ಮೌಂಡ್ ತೋರಿಸುತ್ತೀರಾ?

ಹಿನ್ನೀರ ಹುಡುಗನಿಗೆ ಉತ್ತರ ಕನ್ನಡದಲ್ಲಿ ಗೊತ್ತಿದೆ. ಕಾಡಿನೊಳಗಿನ ಕೆರೆಕಟ್ಟೆ ಒಣಗುತ್ತವೆ, ಹಿನ್ನೀರು ಇಳಿಯುತ್ತದೆ, ಇಳಿದ ಜಾಗದಲ್ಲಿ ಹಸಿ ಹುಲ್ಲು ಚಿಗುರುತ್ತದೆ, ಆನೆ ಹಿಂಡು ಬರುತ್ತದೆ. ಇದನ್ನೇ ನಾಲ್ಕು ಸಣ್ಣ ವಾಕ್ಯ ಮಾಡಿ. ವಾಟರ್‌ಹೋಲ್ಸ್ ಡ್ರೈ ಅಪ್. ಬ್ಯಾಕ್‌ವಾಟರ್ ರಿಸೀಡ್ಸ್. ಫ್ರೆಶ್ ಗ್ರಾಸ್ ಗ್ರೋಸ್ ಆನ್ ದಿ ಬ್ಯಾಂಕ್. ಹರ್ಡ್ಸ್ ಕಮ್ ಟು ಗ್ರೇಝ್. ಗೊತ್ತಿರುವ ಸಂಗತಿಗೆ ಪದ ಹಚ್ಚಿದರೆ ಅಂಟಿಕೊಳ್ಳುತ್ತದೆ. ಪಟ್ಟಿಯಿಂದ ಹೊರಟರೆ ಪದ ಇರುತ್ತದೆ, ಹಿಂದೆ ಏನೂ ಇರುವುದಿಲ್ಲ.

ನನ್ನ ಎಂಟನೇ ಕ್ಲಾಸಿನ ಮಕ್ಕಳು ಫುಡ್ ಚೈನ್ ಅಂದರೆ ಗ್ರಾಸ್, ಡೀರ್, ಟೈಗರ್ ಅಂತ ಗಿಳಿಪಾಠ ಒಪ್ಪಿಸುತ್ತಿದ್ದರು. ಗದ್ದೆ ಬದುವಿಗೆ ಕರೆದುಕೊಂಡು ಹೋದೆ. ಭತ್ತ, ಮಿಡತೆ, ಕಪ್ಪೆ, ಕೇರೆ ಹಾವು, ಮೇಲೆ ಗರುಡ. ಪ್ರೊಡ್ಯೂಸರ್, ಕನ್ಸ್ಯೂಮರ್, ಪ್ರಿಡೇಟರ್ ಎಲ್ಲ ಅಲ್ಲೇ ಬಂತು. ಒಬ್ಬ ಹುಡುಗ ಕೇಳಿದ, "ಮೇಡಂ, ಕೇರೆ ಹಾವು ಕಪ್ಪೆಗೆ ಪ್ರಿಡೇಟರ್, ಗರುಡನಿಗೆ ಪ್ರೇ. ಒಂದಕ್ಕೇ ಎರಡು ಹೆಸರಾ?" ಆ ಪ್ರಶ್ನೆ ಬಂತಲ್ಲ, ಅವನಿಗೆ ಪಾಠ ಅರ್ಥವಾಗಿದೆ.

ಕೆಎಎಸ್ ಕನಸು:
ಪ್ರಿಲಿಮ್ಸ್‌ಗೆ ಓದುತ್ತಿದ್ದೇನೆ, ಹಾಗಾಗಿ ನನ್ನ ಪಾಲಿಂದ ಒಂದಿಷ್ಟು. ಇಕಾಲಜಿ ಎಂಬ ಪದವನ್ನು 1866ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಹೆಕೆಲ್ ಹುಟ್ಟುಹಾಕಿದ್ದು. ಇಕೋಸಿಸ್ಟಮ್ ಅನ್ನು ಬಳಕೆಗೆ ತಂದದ್ದು ಆರ್ಥರ್ ಟ್ಯಾನ್ಸ್ಲಿ, 1935ರಲ್ಲಿ. ಇಕೋ ಬಂದಿದ್ದು ಮನೆ ಎಂಬ ಅರ್ಥದ ಗ್ರೀಕ್ ಪದದಿಂದ.

ಹಳೇ ಜೀಪು:
ಹುಲಿ ರೋಡಿಗೆ ಬಂದಾಗ ಹೆಕೆಲ್ ಬಗ್ಗೆ ಹೇಳಲಿ ಅಂತೀರಾ?

ಕೆಎಎಸ್ ಕನಸು:
ಹುಲಿ ಬರದೇ ಇದ್ದಾಗ ಹೇಳಲಿ ಸಾರ್. ಬರದ ಟ್ರಿಪ್ಪೇ ಜಾಸ್ತಿ ಅಲ್ವಾ?

ಸರಿ, ಕೆಲಸಕ್ಕೆ ಬರುವುದನ್ನೇ ಹೇಳುತ್ತೇನೆ. ಎಂಡೆಮಿಕ್ ಮತ್ತು ಎಂಡೇಂಜರ್ಡ್. ಈ ಎರಡನ್ನು ಕಲಸಿಬಿಡುವವರು ಬಹಳ. ಎಂಡೆಮಿಕ್ ಅಂದರೆ ಆ ಒಂದು ಪ್ರದೇಶ ಬಿಟ್ಟು ಬೇರೆಲ್ಲೂ ಇಲ್ಲದ್ದು. ಎಂಡೇಂಜರ್ಡ್ ಅಂದರೆ ಅಳಿವಿನ ಅಪಾಯದಲ್ಲಿ ಇರುವುದು. ಸಿಂಗಳೀಕ ಎರಡೂ ಹೌದು, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಆನೆ ಎಂಡೇಂಜರ್ಡ್, ಆದರೆ ಶ್ರೀಲಂಕಾ, ಥಾಯ್ಲೆಂಡ್‌ನಲ್ಲೂ ಇದೆ, ಹಾಗಾಗಿ ನಮ್ಮಲ್ಲಿಗೆ ಎಂಡೆಮಿಕ್ ಅಲ್ಲ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ವಲ್ನರೆಬಲ್ ಅಂತ ಇನ್ನೊಂದು ಮೆಟ್ಟಿಲಿದೆ, ಎಂಡೇಂಜರ್ಡ್‌ಗಿಂತ ಒಂದು ಕೆಳಗೆ. ನಿಮ್ಮ ಚಿರತೆ, ಕಾಟಿ, ಕಡವೆ, ಕರಡಿ ಎಲ್ಲ ಅಲ್ಲಿವೆ. ಹುಲಿ, ಆನೆ, ಕೆನ್ನಾಯಿ ಎಂಡೇಂಜರ್ಡ್. ಜಿಂಕೆ ಲೀಸ್ಟ್ ಕನ್ಸರ್ನ್, ಅಂದರೆ ಸದ್ಯಕ್ಕೆ ಚಿಂತೆಯಿಲ್ಲ. ಎಕ್ಸ್‌ಟಿಂಕ್ಟ್ ಪದವನ್ನೂ ಎಚ್ಚರದಿಂದ ಬಳಸಿ. ಚೀತಾ ಭಾರತದಲ್ಲಿ ನಶಿಸಿದೆ ಎಂದು 1952ರಲ್ಲಿ ಘೋಷಿಸಿದರು, ಆದರೆ ಆಫ್ರಿಕಾದಲ್ಲಿ ಇತ್ತು. ಅದಕ್ಕೇ 2022ರಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ಕಾಡಿಗೆ ತರಲು ಆಯಿತು. ಇಂಥದ್ದಕ್ಕೆ ಲೋಕಲಿ ಎಕ್ಸ್‌ಟಿಂಕ್ಟ್ ಅನ್ನಬೇಕು.

ಹಿನ್ನೀರ ಹುಡುಗ:
ಇದು ಚೆನ್ನಾಗಿದೆ ಅಣ್ಣ, ಬರೆದಿಟ್ಟುಕೊಂಡೆ. ಕಾಟಿಗೆ ನಮ್ಮ ಲಾಡ್ಜ್‌ನಲ್ಲಿ ಬೈಸನ್ ಅನ್ನುತ್ತಾರೆ. ಒಬ್ಬ ಗೆಸ್ಟ್ ಗೌರ್ ಅಂದರು. ಯಾವುದು ಸರಿ?

ಸಿಂಗಳೀಕ:
ಗೌರ್. ಬೈಸನ್ ಅಮೆರಿಕ, ಯೂರೋಪಿನ ಪ್ರಾಣಿ. ಬ್ರಿಟಿಷ್ ಶಿಕಾರಿಗಳು ನಮ್ಮ ಕಾಟಿಯನ್ನು ಇಂಡಿಯನ್ ಬೈಸನ್ ಅಂತ ಕರೆದರು, ಅದು ಉಳಿದುಬಿಟ್ಟಿತು. ಗೆಸ್ಟ್ ಬೈಸನ್ ಅಂದರೆ ತಿದ್ದಲು ಹೋಗಬೇಡಿ, ನೀವು ಗೌರ್ ಅನ್ನುತ್ತಾ ಇರಿ.

ಇನ್ನೊಂದು ಇದೆ. ಜಿಂಕೆ, ಕಡವೆ ಕೊಂಬಿಗೆ ಹಾರ್ನ್ ಅನ್ನಬೇಡಿ, ಆ್ಯಂಟ್ಲರ್ ಅನ್ನಿ. ಆ್ಯಂಟ್ಲರ್ ಪೂರ್ತಿ ಮೂಳೆ. ಕವಲೊಡೆಯುತ್ತದೆ, ಉದುರುತ್ತದೆ, ಮತ್ತೆ ಬೆಳೆಯುತ್ತದೆ. ಹಾರ್ನ್ ಅಂದರೆ ಒಳಗೆ ಮೂಳೆ, ಮೇಲೆ ಗೊರಸಿನ ಥರದ ಪೊರೆ. ಉದುರುವುದಿಲ್ಲ. ಕಾಟಿ, ಕೃಷ್ಣಮೃಗ, ನಮ್ಮನೆ ಎಮ್ಮೆ ಎಲ್ಲಕ್ಕೂ ಹಾರ್ನ್. ಅದಕ್ಕೇ ಕೃಷ್ಣಮೃಗ ಡೀರ್ ಅಲ್ಲ, ಆ್ಯಂಟಿಲೋಪ್.

ಹೊಸ ಆ್ಯಂಟ್ಲರ್ ಬೆಳೆಯುವಾಗ ಮೇಲೆ ಮೃದುವಾದ ಕೂದಲಿರುವ ಚರ್ಮ ಇರುತ್ತದೆ. ಒಳಗೆ ರಕ್ತನಾಳ ಓಡಾಡುತ್ತಿರುತ್ತವೆ. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದರೆ ಕೊಂಬಿನ ಅಂಚಿನಲ್ಲಿ ಬೆಳ್ಳಗೆ ನವಿರು ಕಾಣುತ್ತದೆ. ಇದಕ್ಕೆ ವೆಲ್ವೆಟ್. ಗಂಡು ಜಿಂಕೆಗೆ ಸ್ಟ್ಯಾಗ್, "ದಿ ಸ್ಟ್ಯಾಗ್ ಈಸ್ ಇನ್ ವೆಲ್ವೆಟ್" ಅಂತ ಹೇಳಬೇಕು. ಬಲಿತ ಮೇಲೆ ಆ ಚರ್ಮ ಒಣಗಿ ಚಿಂದಿ ಚಿಂದಿಯಾಗಿ ನೇತಾಡುತ್ತದೆ, ಕೆಲವು ಸಲ ರಕ್ತದ ಕಲೆಯೂ ಇರುತ್ತದೆ. ಮರಕ್ಕೆ ಉಜ್ಜಿ ಕಿತ್ತುಹಾಕುತ್ತದೆ. ಗೆಸ್ಟ್‌ಗಳು ಗಾಯ ಆಗಿದೆ ಅಂತ ಗಾಬರಿಯಾಗುತ್ತಾರೆ. ಆಗ "ನೋ ಇಂಜುರಿ, ಶೆಡ್ಡಿಂಗ್ ವೆಲ್ವೆಟ್" ಅಂದು ನೋಡಿ, ಕ್ಯಾಮೆರಾ ಎಲ್ಲ ಮೇಲೇಳುತ್ತವೆ.

ಮಲೆನಾಡ ಮಳೆ:
ಡೀರ್‌ಗೆ ಬಹುವಚನವೂ ಡೀರ್ ಮಾರಾಯ್ರೆ. ಡೀರ್ಸ್ ಅಲ್ಲ. ಸ್ಪೀಶೀಸ್ ಒಂದಾದರೂ ಸ್ಪೀಶೀಸ್, ಹತ್ತಾದರೂ ಸ್ಪೀಶೀಸ್. "ಒನ್ ಸ್ಪೀಶೀ" ಅಂತ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಬಯಲುಸೀಮೆ ಬಸ್ಯಾ:
ನಿಮ್ಮ ಮೈ ಉರಿ ಬಿಡ್ರಿ. ಕನ್ನಡ ನಾಡಿನ ಕಾಡಿಗೆ ಬಂದವರು ಕಾಡುಕೋಣ, ಕಡವೆ ಅಂತ ನಾಲ್ಕು ಕನ್ನಡ ಪದ ಯಾಕೆ ಕಲಿಯಬಾರದು? ಎಲ್ಲ ನಮ್ಮವನೇ ಕಲಿಯಬೇಕಾ?

ಹಳೇ ಜೀಪು:
ಕಲಿಸಬಹುದು, ಕಲಿಯುತ್ತಾರೆ ಕೂಡ. ನಾಗರಹೊಳೆಯ ಹಡ್ಲು ಇದೆಯಲ್ಲ, ಕಾಡಿನ ನಡುವಿನ ಜೌಗು ಹುಲ್ಲುಬಯಲು, ಅದನ್ನು ಇಂಗ್ಲಿಷ್‌ನಲ್ಲಿ ಬರೆಯುವವರೂ ಹಡ್ಲು ಅಂತಲೇ ಬರೆಯುತ್ತಾರೆ. ನಾನು ಮೊದಲು ಕನ್ನಡದ ಹೆಸರು ಹೇಳಿ ಆಮೇಲೆ ಇಂಗ್ಲಿಷ್ ಹೇಳುತ್ತೇನೆ. ಗೆಸ್ಟ್‌ಗಳಿಗೆ ಖುಷಿ. ಆದರೆ ಸಂಬಳ ಕೊಡುವವನಿಗೆ ಇಂಗ್ಲಿಷ್ ಬೇಕು ಬಸ್ಯಾ, ಅದು ಈ ಹುಡುಗನ ಹೊಟ್ಟೆಪಾಡು.

ಮ್ಯೂನಿಕ್ ಮಂಜ:
ಇಂಗ್ಲಿಷ್‌ನವರು ನಮ್ಮಿಂದ ಕಲಿತದ್ದೇನು ಕಡಿಮೆಯಿಲ್ಲ. ಟೀಕ್ ಹೋಗಿದ್ದು ಮಲಯಾಳದ ತೇಕ್ಕ್‌ನಿಂದ, ನಮ್ಮ ತೇಗದ ಬಳಗ. ಮಂಗೂಸ್ ಮರಾಠಿಯ ಮುಂಗುಸಿಯ ಕಡೆಯಿಂದ. ಬ್ಯಾಂಡಿಕೂಟ್ ತೆಲುಗಿನ ಪಂದಿಕೊಕ್ಕು. ಪಗ್‌ಮಾರ್ಕ್‌ನ ಪಗ್ ಹಿಂದಿಯದ್ದು. ಮದವೇರಿದ ಆನೆಗೆ ಹೇಳುವ ಮಸ್ತ್ ಕೂಡ ಇಲ್ಲಿಂದಲೇ. ಎಲ್ಲಕ್ಕಿಂತ ಮಜಾ ಅಂದರೆ ಕೆನ್ನಾಯಿಗೆ ಹೇಳುವ ಢೋಲ್. ಅದು ಕನ್ನಡದ ತೋಳದಿಂದ ಬಂದಿರಬಹುದು ಅಂತ ಕೆಲವು ಇಂಗ್ಲಿಷ್ ನಿಘಂಟುಗಳು ಹೇಳುತ್ತವೆ.

ಮಲೆನಾಡ ಮಳೆ:
ತೋಳವೇ ಬೇರೆ, ಕೆನ್ನಾಯಿಯೇ ಬೇರೆ. ಸುಮ್ನೆ ಹೆಮ್ಮೆ ಪಡಲು ಏನಾದರೂ ಹೇಳಬೇಡಿ.

ಮ್ಯೂನಿಕ್ ಮಂಜ:
"ಬಂದಿರಬಹುದು" ಅಂತ ಬರೆದಿದ್ದೇನೆ, ಓದಿ. ಪ್ರಾಣಿ ಅದಲುಬದಲಾಗುವುದು ದೊಡ್ಡ ವಿಷಯವೇ ಅಲ್ಲ. ಕರಡಿಗೆ ಸ್ಲಾತ್ ಬೇರ್ ಅನ್ನುವುದು ಯಾಕೆ? 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಅದರ ಉದ್ದ ಉಗುರು ನೋಡಿ, ಇದು ದಕ್ಷಿಣ ಅಮೆರಿಕದ ಸ್ಲಾತ್‌ಗಳ ಜಾತಿ ಅಂದುಕೊಂಡ. ಆಮೇಲೆ ಕರಡಿ ಅಂತ ಗೊತ್ತಾಯಿತು, ಹೆಸರು ಮಾತ್ರ ಹೋಗಲಿಲ್ಲ. ಸ್ಲಾತ್ ಅಂದರೆ ಸೋಮಾರಿತನ ಅಂತಲೂ ಅರ್ಥ, ಆದರೆ ಕರಡಿ ಸೋಮಾರಿ ಅಂತೂ ಅಲ್ಲ. ಅಟ್ಟಿಸಿಕೊಂಡು ಬಂದರೆ ಗೊತ್ತಾಗುತ್ತದೆ.

ಗೊರವಂಕ:
ಹಕ್ಕಿಗಳ ಬಗ್ಗೆ ಯಾರೂ ಹೇಳಲಿಲ್ಲ. ಹಿನ್ನೀರ ಹುಡುಗ, ಮರ್ಲಿನ್ ಆ್ಯಪ್ ಹಾಕಿಕೊಳ್ಳಿ. ಕಾರ್ನೆಲ್ ವಿಶ್ವವಿದ್ಯಾಲಯದವರದ್ದು, ದುಡ್ಡು ಕೊಡಬೇಕಿಲ್ಲ. ಭಾರತದ ಹಕ್ಕಿಗಳ ಪ್ಯಾಕ್ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಾಡಲ್ಲೂ ನಡೆಯುತ್ತದೆ. ಫೋನ್ ಹಿಡಿದರೆ ಕೂಗು ಕೇಳಿಸಿಕೊಂಡು ಹೆಸರು ಹೇಳುತ್ತದೆ. ಕೂಗು ನಿಮಗೆ ಮೊದಲೇ ಗೊತ್ತು, ಹಾಗಾಗಿ ಹೆಸರು ಬೇಗ ಹತ್ತುತ್ತದೆ. ಒಮ್ಮೊಮ್ಮೆ ತಪ್ಪೂ ಹೇಳುತ್ತದೆ, ಕಣ್ಣು ಮುಚ್ಚಿ ನಂಬಬೇಡಿ. ಗಿಡ, ಚಿಟ್ಟೆ, ಕಪ್ಪೆಗೆ ಐನ್ಯಾಚುರಲಿಸ್ಟ್. ಫೋಟೋ ಹಾಕಿದರೆ ಬಲ್ಲವರು ಬಂದು ಹೆಸರು ಹೇಳುತ್ತಾರೆ.

ಹಳೆಯ ಹಕ್ಕಿ ಪುಸ್ತಕ ಸಿಕ್ಕಿದರೆ ಚಿತ್ರ ನೋಡಿ, ಹೆಸರನ್ನು ಮಾತ್ರ ಹೊಸ ಪಟ್ಟಿಯೊಂದಿಗೆ ಹೋಲಿಸಿಕೊಳ್ಳಿ. ಕೆಂಬೂತಕ್ಕೆ ಹಿಂದೆ ಕ್ರೋ ಫೆಸೆಂಟ್ ಅಂತಿದ್ದರು, ಈಗ ಗ್ರೇಟರ್ ಕೂಕಲ್. ನಮ್ಮ ರಾಜ್ಯಪಕ್ಷಿ ನೀಲಕಂಠಕ್ಕೆ ಬ್ಲೂ ಜೇ ಅಂತಿದ್ದವರು ಈಗ ಇಂಡಿಯನ್ ರೋಲರ್ ಅನ್ನುತ್ತಾರೆ. ಗೆಸ್ಟ್ ಕೈಯಲ್ಲಿ ಹೊಸ ಪುಸ್ತಕ, ನಿಮ್ಮ ಬಾಯಲ್ಲಿ ಹಳೇ ಹೆಸರು ಇದ್ದರೆ ತಗಾದೆ ಶುರು.

ಹೆಸರನ್ನು ಒಡೆದು ನೋಡುವುದೂ ಒಳ್ಳೆಯ ಅಭ್ಯಾಸ. ಬಿಲ್ ಅಂದರೆ ಕೊಕ್ಕು, ಬಿಲ್ಡ್ ಅಂದರೆ ಅಂಥ ಕೊಕ್ಕಿರುವ, ವೆಂಟ್ ಅಂದರೆ ಬಾಲದ ಬುಡದ ಕೆಳಭಾಗ, ಕ್ರೆಸ್ಟ್ ಅಂದರೆ ಜುಟ್ಟು, ಬ್ರೌ ಅಂದರೆ ಹುಬ್ಬು. ಸ್ಪಾಟ್ ಬಿಲ್ಡ್ ಪೆಲಿಕನ್ ಅಂದರೆ ಕೊಕ್ಕಿನ ಮೇಲೆ ಚುಕ್ಕೆ ಇರುವ ಹೆಜ್ಜಾರ್ಲೆ. ಕೊಕ್ಕರೆ ಬೆಳ್ಳೂರಿಗೆ ಹೋದರೆ ಮರದ ಕೆಳಗೆ ನಿಂತೇ ಆ ಚುಕ್ಕೆ ಎಣಿಸಬಹುದು. ದೇಹದ ಇಂಥ ಭಾಗಗಳ ಹೆಸರು ಕಲಿತರೆ ಅರ್ಧ ಹಕ್ಕಿ ಪುಸ್ತಕ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹಿನ್ನೀರ ಹುಡುಗ:
ಮರ್ಲಿನ್ ಹಾಕಿಕೊಂಡೆ ಮೇಡಂ. ಪಿಕಳಾರ ಕೂಗಿದ್ದಕ್ಕೆ ರೆಡ್ ವಿಸ್ಕರ್ಡ್ ಬುಲ್ಬುಲ್ ಅಂತ ಬಂತು. ಕೆನ್ನೆ ಮೇಲೆ ಕೆಂಪು ಇತ್ತು, ಸರಿಯಾಗಿದೆ.

ಇನ್ನೊಂದು ನಾಚಿಕೆ ಪ್ರಶ್ನೆ. ಲದ್ದಿ, ಹಿಕ್ಕೆ, ಮಲ ಎಲ್ಲಕ್ಕೂ ಇಂಗ್ಲಿಷ್‌ನಲ್ಲಿ ಒಂದೇ ಪದವಾ? ಗೆಸ್ಟ್‌ಗಳ ಮುಂದೆ ಮರ್ಯಾದೆಯಿಂದ ಏನನ್ನಬೇಕು?

ಸಿಂಗಳೀಕ:
ನಾಚಿಕೆ ಯಾಕೆ? ಕಾಡಿನ ದಿನಪತ್ರಿಕೆ ಅದೇ. ಹುಲಿ, ಚಿರತೆ, ಕೆನ್ನಾಯಿಯದ್ದು ಸ್ಕ್ಯಾಟ್. ಆನೆ, ಕಾಟಿಯದ್ದು ಡಂಗ್. ಜಿಂಕೆ, ಮೊಲದ ಹಿಕ್ಕೆ ಪೆಲೆಟ್ಸ್. ಹಕ್ಕಿಯದ್ದು ಡ್ರಾಪಿಂಗ್ಸ್. ಗೂಬೆ ಮೂಳೆ, ಕೂದಲು ಜೀರ್ಣವಾಗದೆ ಬಾಯಿಂದ ಉಗುಳುವ ಉಂಡೆಗೂ ಪೆಲೆಟ್ ಅನ್ನುತ್ತಾರೆ, ಅದು ಬೇರೆ. ನೀರುನಾಯಿಯದ್ದಕ್ಕೆ ಸ್ಪ್ರೇಂಟ್ ಅಂತ ಪ್ರತ್ಯೇಕ ಪದವೇ ಇದೆ. ಸ್ಕ್ಯಾಟ್‌ನಲ್ಲಿ ಕೂದಲು ಕಂಡರೆ ತೋರಿಸಿ, ಯಾವುದನ್ನು ತಿಂದಿದೆ ಅಂತ ಹೇಳಿ.

ಬಯಲುಸೀಮೆ ಬಸ್ಯಾ:
ಊಟ ಮಾಡ್ತಾ ಓದ್ತಿದ್ದೆ.

ಮಲೆನಾಡ ಮಳೆ:
ಗಿಡಗಳ ಹೆಸರೂ ಹುಷಾರು. ನಮ್ಮೂರಿನ ಹೋಂಸ್ಟೇ ಹುಡುಗನೊಬ್ಬ ಗೆಸ್ಟ್‌ಗೆ "ದಿಸ್ ಈಸ್ ಕಾಂಗ್ರೆಸ್, ಇಟ್ ಈಸ್ ಎವ್ರಿವೇರ್, ವೆರಿ ಡಿಫಿಕಲ್ಟ್ ಟು ರಿಮೂವ್" ಅಂದನಂತೆ. ಪಕ್ಕದಲ್ಲಿ ನಿಂತದ್ದು ಕಮ್ಯುನಿಸ್ಟ್ ಗಿಡ. ಅದನ್ನೂ ತೋರಿಸಿದ. ಅವರು ಇವನು ಯಾವ ಪಾರ್ಟಿ ಅಂತ ಕೇಳಿದರಂತೆ. ಪಾರ್ಥೇನಿಯಂ, ಯುಪಟೋರಿಯಂ ಅನ್ನಿ, ಊರಿಗೆ ಶಾಂತಿ.

ಗೊರವಂಕ:
ಇನ್ವೇಸಿವ್ ಮತ್ತು ಎಕ್ಸಾಟಿಕ್ ಬೇರೆ ಬೇರೆ ಅನ್ನುವುದನ್ನೂ ತಿಳಿದುಕೊಳ್ಳಿ. ಎಕ್ಸಾಟಿಕ್ ಅಂದರೆ ಹೊರಗಿನಿಂದ ಬಂದದ್ದು ಅಷ್ಟೇ. ಬಂದದ್ದು ತಾನಾಗಿ ಹರಡಿ ಇಲ್ಲಿನವಕ್ಕೆ ಜಾಗ ಬಿಡದಿದ್ದರೆ ಇನ್ವೇಸಿವ್. ಬಂಡೀಪುರದ ಲಂಟಾನ ಇನ್ವೇಸಿವ್. ಹುಲ್ಲು ಬೆಳೆಯಲು ಬಿಡುವುದಿಲ್ಲ, ಜಿಂಕೆಗೆ ಮೇವಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದನ್ನೇ ಕಡಿದು ಕುರ್ಚಿ, ಮೇಜು ಮಾಡುತ್ತಾರೆ. ಪಾರ್ಥೇನಿಯಂ ತಿನ್ನಲಿ ಅಂತ 1980ರ ದಶಕದಲ್ಲಿ ಮೆಕ್ಸಿಕೋದಿಂದ ಒಂದು ಜೀರುಂಡೆ ತಂದು ಬೆಂಗಳೂರಿನಲ್ಲಿ ಬಿಟ್ಟರು. ಇಂಥದ್ದಕ್ಕೆ ಬಯಲಾಜಿಕಲ್ ಕಂಟ್ರೋಲ್ ಅಂತ ಹೆಸರು.

ಕೆಎಎಸ್ ಕನಸು:
ಹಾಗೆ ನೋಡಿದರೆ ರಾಗಿಯೂ ಎಕ್ಸಾಟಿಕ್. ಆಫ್ರಿಕಾದಿಂದ ಬಂದದ್ದು.

ಬಯಲುಸೀಮೆ ಬಸ್ಯಾ:
ರಾಗಿ ತಂಟೆಗೆ ಬರಬೇಡಿ.

ಕೆಎಎಸ್ ಕನಸು:
ಸಾವಿರಾರು ವರ್ಷದ ಹಿಂದೆ ಬಂದದ್ದು ಸಾರ್, ನಿಮ್ಮ ಮುದ್ದೆ ಯಾರೂ ಕಿತ್ಕೊಳ್ಳಲ್ಲ. ಮುದ್ದೆ ಜೊತೆಗಿನ ಮೆಣಸಿನಕಾಯಿ ಅದಕ್ಕಿಂತ ಹೊಸಬ. ಪೋರ್ಚುಗೀಸರು ಬಂದ ಮೇಲೆ ಅಮೆರಿಕದಿಂದ.

ಬಯಲುಸೀಮೆ ಬಸ್ಯಾ:
ಬ್ಯಾಡಗಿಯಲ್ಲಿ ನಿಂತು ಈ ಮಾತು ಹೇಳಿ ನೋಡೋಣ.

ಸಾಗರದ ಟೀಚರ್:
ಮೆಣಸಿನಕಾಯಿ ಆಮೇಲೆ. ಹಿನ್ನೀರ ಹುಡುಗ, ಒಂದು ಕೆಲಸ ಮಾಡಿ. ಸಂಜೆ ರೂಮಿಗೆ ಬಂದ ಮೇಲೆ ಅವತ್ತು ಕಂಡ ಒಂದೇ ಒಂದು ಸಂಗತಿಯನ್ನು ಮೊಬೈಲಿನಲ್ಲಿ ಇಂಗ್ಲಿಷ್‌ನಲ್ಲಿ ಹೇಳಿ ರೆಕಾರ್ಡ್ ಮಾಡಿ. ಪದ ಸಿಗದ ಜಾಗದಲ್ಲಿ ಕನ್ನಡ ಪದವನ್ನೇ ಹಾಕಿ ಮುಂದೆ ಹೋಗಿ, ನಿಲ್ಲಿಸಬೇಡಿ. ಆಮೇಲೆ ಕೇಳಿ ಆ ಕನ್ನಡ ಪದಗಳನ್ನು ಮಾತ್ರ ಹುಡುಕಿ. ನಿಮಗೆ ನಿಜವಾಗಿ ಬೇಕಾದ ಪದಗಳು ಅವೇ. ಉಚ್ಚಾರಣೆಗೆ ಬಿಬಿಸಿಯ ವನ್ಯಜೀವಿ ವಿಡಿಯೋಗಳಿವೆ. ಸಬ್‌ಟೈಟಲ್ ಹಾಕಿಕೊಂಡು ಒಂದೊಂದು ವಾಕ್ಯ ನಿಲ್ಲಿಸಿ ಜೊತೆಗೆ ಹೇಳಿ. ಡಿಸಿಡ್ಯುಅಸ್ (ಎಲೆ ಉದುರಿಸುವ), ಮಕಾಕ್ (ಕೋತಿಯ ಒಂದು ಬಳಗ), ನಾಕ್ಟರ್ನಲ್ (ರಾತ್ರಿ ಓಡಾಡುವ) ಎಲ್ಲ ನಾಲಿಗೆಗೆ ಹಾಗೇ ಕೂರುತ್ತವೆ.

ಹಳೇ ಜೀಪು:
ಇದಕ್ಕೆ ನನ್ನ ತಕರಾರಿಲ್ಲ ಟೀಚರಮ್ಮ. ಒಂದು ಸೇರಿಸುತ್ತೇನೆ. ಗೊತ್ತಿಲ್ಲದ್ದನ್ನು ಕೇಳಿದರೆ "ಐ ವಿಲ್ ಚೆಕ್ ಅಂಡ್ ಟೆಲ್ ಯೂ ಅಟ್ ಡಿನ್ನರ್" ಅನ್ನು ತಮ್ಮ. ಊಟದ ಹೊತ್ತಿಗೆ ಹುಡುಕಿ ಹೇಳು. ಟಿಪ್ಸ್ ಹೆಚ್ಚು ಬರುವುದು ಅಂಥವರಿಗೇ.

ಮೊಸಳೆ ಬಾಯಿ ತೆರೆದು ಮಲಗಿದ್ದರೆ ಯಾರಾದರೂ ಸಿಟ್ಟು ಬಂದಿದೆಯಾ ಅಂತ ಕೇಳೇ ಕೇಳುತ್ತಾರೆ. ಬಿಸಿಲು ಕಾಯುವುದಕ್ಕೆ ಬಾಸ್ಕಿಂಗ್, ಬಾಯಿ ತೆರೆದು ಮೈ ಕಾವು ಇಳಿಸಿಕೊಳ್ಳುವುದಕ್ಕೆ ಗೇಪಿಂಗ್. ವಿಷದ ಹಾವು ವೆನಮಸ್, ವಿಷದ ಅಣಬೆ ಪಾಯ್ಸನಸ್. ಕಚ್ಚಿ ವಿಷ ಬಿಡುವುದು ಮೊದಲನೆಯದು, ನಾವು ತಿಂದರೆ ವಿಷವಾಗುವುದು ಎರಡನೆಯದು. ಇವು ವಾರಕ್ಕೊಮ್ಮೆಯಾದರೂ ಬೇಕಾಗುತ್ತವೆ.

ಹಿನ್ನೀರ ಹುಡುಗ:
ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಓ ಕ್ಲಾಕ್ ವಿಚಾರ ಇವತ್ತು ಗೇಟಿನ ಹತ್ತಿರವೇ ಹೇಳಿದೆ. ಚಿಕ್ಕ ಹುಡುಗಿಯೊಬ್ಬಳು ದಾರಿಯುದ್ದಕ್ಕೂ "ಫೋರ್ ಓ ಕ್ಲಾಕ್ ಪೀಕಾಕ್, ನೈನ್ ಓ ಕ್ಲಾಕ್ ಪೀಕಾಕ್" ಅಂತ ಕೂಗಿ ಒಂದು ಜಿಂಕೆಯನ್ನೂ ಹತ್ತಿರ ಇರಲು ಬಿಡಲಿಲ್ಲ.

ಗೊರವಂಕ:
ಅವಳನ್ನೇ ಟ್ರೈನಿ ಮಾಡಿಕೊಳ್ಳಿ. ಅಂದಹಾಗೆ ಬೈನಾಕ್ಯುಲರ್ ಇದೆಯಾ ನಿಮ್ಮ ಹತ್ತಿರ?

ಹಿನ್ನೀರ ಹುಡುಗ:
ಲಾಡ್ಜ್‌ನದ್ದು ಒಂದಿದೆ, ಒಂದು ಕಣ್ಣು ಮಂಜು. ಸ್ವಂತದ್ದು ತೆಗೆದುಕೊಳ್ಳಬೇಕು ಅಂತಿದ್ದೇನೆ. 10×50 ಒಳ್ಳೆಯದು ಅಂತ ಅಂಗಡಿಯವನು ಹೇಳಿದ.

ಗೊರವಂಕ:
ಬೇಡ. 8×42 ತಗೊಳ್ಳಿ. ಹತ್ತು ಪಟ್ಟು ದೊಡ್ಡದು ಮಾಡಿದರೆ ಜೀಪಿನ ಅಲುಗಾಟವೂ ಹತ್ತು ಪಟ್ಟು. ಎಂಟರಲ್ಲಿ ಕಾಣುವ ಜಾಗವೂ ಅಗಲ, ಹಾರುವ ಹಕ್ಕಿ ಬೇಗ ಸಿಗುತ್ತದೆ. ಎರಡನೇ ಅಂಕಿ ಮುಂದಿನ ಮಸೂರದ ಅಗಲ, ಮಿಲಿಮೀಟರ್‌ನಲ್ಲಿ. 50ರ ಮಸೂರ ಕುತ್ತಿಗೆಗೆ ಭಾರ.

ಹಳೇ ಜೀಪು:
ಮುಂಜಾನೆ ಮಬ್ಬಿನಲ್ಲಿ 50 ಚೆನ್ನಾಗಿ ಕಾಣುತ್ತದೆ ಕಣಮ್ಮ. ನಾನು ಇಷ್ಟು ವರ್ಷ ಅದನ್ನೇ ಹಾಕಿಕೊಂಡು ತಿರುಗಿದ್ದೇನೆ.

ಗೊರವಂಕ:
ಬೆಳಕಿಗೆ 42ನ್ನು 8ರಿಂದ ಭಾಗಿಸಿ, 50ನ್ನು 10ರಿಂದ ಭಾಗಿಸಿ ನೋಡಿ ಸಾರ್. 5.25 ಮತ್ತು 5. ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಇದು, ಮಿಲಿಮೀಟರ್‌ನಲ್ಲಿ. ಕಣ್ಣಿಗೆ ಬೀಳುವ ಬೆಳಕು ಹೆಚ್ಚುಕಡಿಮೆ ಒಂದೇ, 42ರದ್ದೇ ಒಂದು ಕೂದಲು ಜಾಸ್ತಿ. ಇದರ ಬಗ್ಗೆ ಬೇರೆ ಚರ್ಚೆ ಶುರು ಮಾಡೋಣ ಬನ್ನಿ, ಇಲ್ಲಿ ಮೆಣಸಿನಕಾಯಿಯವರು ಇನ್ನೂ ಜಗಳ ಮುಗಿಸಿಲ್ಲ.